ಸೂರ್ಯನ ಕಲೆಯಲ್ಲಿ ಅನಿಲದ ಓಟ ಅಳೆಯಲು ಹೋಗಿ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಹಿಡಿದಿದ್ದು ಎವರ್‌ಶೆಡ್ ಹರಿವನ್ನು. ಸೂರ್ಯನ ಕಲೆಯ ನಡುವಿನ ಕಪ್ಪು ಭಾಗ ಅಂಬ್ರಾ. ಸುತ್ತ ಎಳೆಎಳೆಯಾಗಿ ಕಾಣುವುದು ಪೆನಂಬ್ರಾ. ಆ ಎಳೆಗಳ ಉದ್ದಕ್ಕೂ ಅನಿಲ ಒಳಗಿನಿಂದ ಹೊರಕ್ಕೆ ಸೆಕೆಂಡಿಗೆ ಒಂದೆರಡು ಕಿ.ಮೀ. ಓಡುತ್ತದೆ. 1909ರಲ್ಲಿ ಜಾನ್ ಎವರ್‌ಶೆಡ್ ಇದನ್ನು ಮೊದಲು ಕಂಡಿದ್ದು ಇಲ್ಲೇ, ಕೊಡೈಕೆನಾಲ್‌ನಲ್ಲಿ.

ನನ್ನ ಹತ್ತಿರ ದೂರದರ್ಶಕ ಇರಲಿಲ್ಲ. ನಾಸಾದ ಎಸ್‌ಡಿಒ ಉಪಗ್ರಹದಲ್ಲಿರುವ ಎಚ್‌ಎಂಐ ಉಪಕರಣ 45 ಸೆಕೆಂಡಿಗೊಮ್ಮೆ ಸೂರ್ಯನ ಮೇಲ್ಮೈಯ ಅನಿಲದ ವೇಗ ತೋರಿಸುವ ನಕ್ಷೆ ಕೊಡುತ್ತದೆ, ಅದೂ ಪುಕ್ಕಟೆ. ಸೂರ್ಯನ ನಟ್ಟನಡುವಿನ ಕಲೆ ಬೇಡ, ಅಲ್ಲಿ ಹರಿವು ನಮಗೆ ಅಡ್ಡಡ್ಡ ಹೋಗುವುದರಿಂದ ಡಾಪ್ಲರ್ ಪಲ್ಲಟ (ನಮ್ಮ ಕಡೆಗೆ ಬರುವಾಗ, ದೂರ ಹೋಗುವಾಗ ಬೆಳಕಿನ ಬಣ್ಣ ಸರಿಯುವುದು) ಕಾಣುವುದಿಲ್ಲ. ಅಂಚಿನ ಕಡೆಗೆ ಸರಿದ ಒಂದನ್ನು ಆರಿಸಿಕೊಂಡೆ.

ಮೊದಲ ನಕ್ಷೆಯಲ್ಲಿ ಕಲೆ ಪೂರ್ತಿ ಕೆಂಪು, ಅಂದರೆ ಎಲ್ಲವೂ ನಮ್ಮಿಂದ ದೂರ ಹೋಗುತ್ತಿದೆ. ಹನ್ನೆರಡು ಗಂಟೆ ಬಿಟ್ಟು ನೋಡಿದರೆ ಪೂರ್ತಿ ನೀಲಿ! ಏನೋ ಹೊಸದು ಸಿಕ್ಕಿತು ಅಂತ ಗೈಡ್ ಹತ್ತಿರ ಓಡಿದೆ. "ಉಪಗ್ರಹ ಸುಮ್ನೆ ನಿಂತಿರುತ್ತೇನಪ್ಪಾ?" ಅಂದರು. ಭೂಮಿ ಸುತ್ತುವ ಅದರ ವೇಗವೇ ಸೆಕೆಂಡಿಗೆ ಸುಮಾರು 3 ಕಿ.ಮೀ. ಸಾಲದ್ದಕ್ಕೆ ಸೂರ್ಯ ತಿರುಗುವ ವೇಗ ಅದರ ಸಮಭಾಜಕದಲ್ಲಿ 2 ಕಿ.ಮೀ. ನಾನು ಹುಡುಕುತ್ತಿದ್ದುದು ಇವೆರಡರಡಿ ಮುಚ್ಚಿಹೋಗಿತ್ತು.

ಅಂಬ್ರಾದಲ್ಲಿ ಬಲವಾದ ಕಾಂತಕ್ಷೇತ್ರ ಅನಿಲವನ್ನು ಹೆಚ್ಚು ಕದಲಲು ಬಿಡುವುದಿಲ್ಲ. ಅಲ್ಲಿನ ವೇಗವನ್ನೇ ಸೊನ್ನೆ ಅಂತ ಹಿಡಿದು, ಪ್ರತಿ ನಕ್ಷೆಯಲ್ಲೂ ಉಳಿದ ಕಡೆಯ ವೇಗದಿಂದ ಅದನ್ನು ಕಳೆದೆ. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುವ ಕಂಪನ ಅಳಿಸಲು ಒಂದು ಗಂಟೆಯ ಸರಾಸರಿ ತೆಗೆದೆ. ಆಗ ಬಂತು: ಅಂಚಿನ ಕಡೆಯ ಪೆನಂಬ್ರಾ ಕೆಂಪು, ಈಚೆ ಕಡೆಯದು ನೀಲಿ.

ಇದನ್ನು ಓಡಿಸುವವರು ಯಾರು? ನಾನು ನಂಬಿದ್ದು ಸೈಫನ್ ಕಥೆಯನ್ನು. ಕಾಂತಕೊಳವೆಯ (ಅನಿಲ ಹರಿಯುವ ಕಾಂತರೇಖೆಗಳ ಕಟ್ಟಿನ) ಎರಡು ತುದಿಗಳಲ್ಲಿ ಕ್ಷೇತ್ರ ಜಾಸ್ತಿ ಇರುವ ಕಡೆ ಅನಿಲದ ಒತ್ತಡ ಕಡಿಮೆ, ಹಾಗಾಗಿ ಅನಿಲ ಆ ಕಡೆಗೆ ಹರಿಯಬೇಕು. ಆದರೆ ಕ್ಷೇತ್ರದ ನಕ್ಷೆಯಲ್ಲಿ ಬಲ ಜಾಸ್ತಿ ಇದ್ದಿದ್ದು ಕಲೆಯ ಒಳಗೆ, ಹರಿವು ಮಾತ್ರ ಹೊರಕ್ಕೆ. ಉಲ್ಟಾ! ಹೊರ ತುದಿಯಲ್ಲಿ ನಮಗೆ ಕಾಣದಷ್ಟು ಚಿಕ್ಕ, ಬಲವಾದ ಕ್ಷೇತ್ರಗಳಿವೆ ಅನ್ನುವವರೂ ಇದ್ದಾರೆ. ಎಚ್‌ಎಂಐನ ಒಂದು ಪಿಕ್ಸೆಲ್ಲೇ 360 ಕಿ.ಮೀ., ಅದನ್ನಿಟ್ಟುಕೊಂಡು ಆ ಜಗಳ ಬಿಡಿಸಲಾಗದು. ನನಗಂತೂ ಒಪ್ಪಿಗೆಯಾಗಿದ್ದು ಕುದಿತದ ವಿವರಣೆ. ಪೆನಂಬ್ರಾ ಉಳಿದ ಸೂರ್ಯನ ಮುಕ್ಕಾಲು ಪಾಲು ಬೆಳಕು ಕೊಡುತ್ತದೆ. ಅಷ್ಟು ಶಾಖವನ್ನು ಕೆಳಗಿನಿಂದ ಯಾರಾದರೂ ಹೊತ್ತು ತರಬೇಕಲ್ವಾ? ಬಿಸಿ ಅನಿಲ ಎಳೆಯ ಒಳ ತುದಿಯಲ್ಲಿ ಏಳುತ್ತದೆ, ಓರೆಯಾದ ಕ್ಷೇತ್ರ ಅದನ್ನು ಹೊರಕ್ಕೆ ಬಾಗಿಸುತ್ತದೆ, ತಣ್ಣಗಾಗಿ ಇಳಿಯುತ್ತದೆ.

ಅದೇ ಕಲೆಯ ಮೇಲೆ, ವರ್ಣಗೋಳದಲ್ಲಿ (ನಮಗೆ ಕಾಣುವ ಮೇಲ್ಮೈಗಿಂತ ಮೇಲಿನ ಪದರದಲ್ಲಿ), ಹರಿವು ಹೊರಗಿನಿಂದ ಒಳಕ್ಕೆ. ಅಲ್ಲಿ ಸೈಫನ್ ಲೆಕ್ಕ ಕೂಡುತ್ತದೆ. ಎಚ್‌ಎಂಐ ಅಷ್ಟು ಮೇಲಿನ ಪದರ ನೋಡುವುದಿಲ್ಲ, ಹಾಗಾಗಿ ಅದು ನನ್ನ ಪ್ರಾಜೆಕ್ಟಿನಲ್ಲಿ ಸೇರಲಿಲ್ಲ.