ಬೆಂಕಿ ರೋಗ ಹತ್ತುವುದು ರಾತ್ರಿ ಹೊತ್ತು

ಮಂಡ್ಯದ ನಾಲೆ ಬಯಲಲ್ಲಿ ಭತ್ತ ಬೆಳೆಯುವವರಿಗೆ ಬೆಂಕಿ ರೋಗ ಹೊಸದಲ್ಲ. ಮುಂಗಾರು ಭತ್ತ ಹೊಡೆಗೆ ಬರುವಾಗ ರಾತ್ರಿ ತಂಪು, ಬೆಳಗ್ಗೆ ಮಂಜು, ಹಗಲೆಲ್ಲ ಮೋಡ. ಈ ರೋಗ ತರುವ ಶಿಲೀಂಧ್ರಕ್ಕೆ ಅಷ್ಟು ಸಾಕು. ಬಿಸಿಲೇರಿದ ಮೇಲೂ ಗದ್ದೆಗಿಳಿದರೆ ಪಂಚೆ ಒದ್ದೆಯಾಗುತ್ತಿದೆ ಅಂದರೆ ನಾನು ಮಚ್ಚೆ ಹುಡುಕಲು ಶುರು ಮಾಡುತ್ತೇನೆ.

ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಕಂದು ಚುಕ್ಕೆ ರೋಗದ್ದಾದರೆ ಮಚ್ಚೆ ದುಂಡಗಿರುತ್ತದೆ. ಅನುಮಾನ ಬಂದರೆ ಆ ಎಲೆ ತುಂಡನ್ನು ತಟ್ಟೆಯಲ್ಲಿ ಒದ್ದೆ ಕಾಗದದ ಮೇಲಿಟ್ಟು ರಾತ್ರಿಯಿಡೀ ಮುಚ್ಚಿಡುತ್ತೇನೆ. ಬೆಳಗ್ಗೆ ಭೂತಗನ್ನಡಿಯಲ್ಲಿ ನೋಡಿದರೆ ಮಚ್ಚೆ ಮೇಲೆ ಬೂದು ಬಣ್ಣದ ನವಿರು ಎದ್ದಿರುತ್ತದೆ. ಬೀಜಕ, ಅಂದರೆ ಶಿಲೀಂಧ್ರದ ಬೀಜದಂಥ ಕಣ, ಹುಟ್ಟುವುದು ಅದರ ಮೇಲೇ. ಗದ್ದೆಯಲ್ಲೂ ರಾತ್ರಿ ಆಗುವುದು ಇದೇ. ನಸುಕಿನ ಗಾಳಿಗೆ ಬೀಜಕಗಳು ಪಕ್ಕದ ಪೈರಿಗೆ ಹಾರುತ್ತವೆ, ಬದು ಗಿದು ಲೆಕ್ಕಕ್ಕಿಲ್ಲ.

ಎಲೆ ಮೇಲೆ ಕೂತ ಬೀಜಕ ಇಬ್ಬನಿ ಸಿಕ್ಕಿದ ಕೂಡಲೇ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಸಣ್ಣ ಗುಳ್ಳೆ. ಅದರೊಳಗಿನ ಒತ್ತಡ ಕಾರಿನ ಟೈರಿನ ಗಾಳಿಗಿಂತ ಸುಮಾರು 40 ಪಟ್ಟು! ಆ ಒತ್ತಡದಲ್ಲೇ ಎಲೆಯ ಸಿಪ್ಪೆ ತೂತು ಮಾಡಿ ಒಳಗಿಳಿಯುತ್ತದೆ. ಗುಳ್ಳೆಯ ಗೋಡೆಗೆ ಕಪ್ಪು ಬಣ್ಣ ಕೂಡಿದ್ದರೆ ಮಾತ್ರ ಒತ್ತಡ ನಿಲ್ಲುವುದು. ನಾವು ಹೊಡೆಯುವ ಟ್ರೈಸೈಕ್ಲಜೋಲ್ ಎಂಬ ಔಷಧಿ ತಡೆಯುವುದು ಆ ಬಣ್ಣವನ್ನು. ಒಳಗೆ ಹೊಕ್ಕ ಶಿಲೀಂಧ್ರವನ್ನು ಅದು ಕೊಲ್ಲುವುದಿಲ್ಲ.

ಇದು ಗೊತ್ತಿಲ್ಲದೆ ಜನ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಾರೆ. “ಅಣ್ಣ, ಔಷ್ದಿ ಹೊಡ್ದು ವಾರಾಯ್ತು, ಮಚ್ಚೆ ಹಂಗೇ ಅವೆ” ಅಂತ ಪಕ್ಕದ ಗದ್ದೆ ಹುಡುಗ ಬಂದಿದ್ದ. ಹಳೆ ಮಚ್ಚೆ ಎಲ್ಲಿಗೆ ಹೋದಾತು? ಹೊಸದಾಗಿ ಬಂದ ಎಲೆ ನೋಡು ಅಂದೆ. ಅವು ಚೊಕ್ಕವಾಗೇ ಇದ್ದವು.

ನಾನು ಲೀಟರ್ ನೀರಿಗೆ ಆ ಔಷಧಿ 0.6 ಗ್ರಾಂ ಬೆರೆಸಿ, ಎಲೆ ಮೇಲೆ ಮಚ್ಚೆ ಕಂಡ ವರ್ಷ ತೆನೆ ಇಣುಕುವ ಹೊತ್ತಿಗೇ ಹೊಡೆದುಬಿಡುತ್ತೇನೆ. ಎಲೆಗೆ ಬಂದರೆ ಪೈರು ಸುಧಾರಿಸಿಕೊಳ್ಳಬಹುದು, ತೆನೆಯ ಕುತ್ತಿಗೆಗೆ ಬಂದರೆ ಇಲ್ಲ. ಕುತ್ತಿಗೆ ಕಪ್ಪಾಗಿ ಕಾಳಿಗೆ ಹಾಲು ಏರದೆ ತೆನೆ ಬಿಳಿಚಿ ನಿಲ್ಲುತ್ತದೆ. ಕೈಗೆ ಬರುವುದು ಬರೀ ಜೊಳ್ಳು.

ಯೂರಿಯಾ ಮೂರು ಕಂತಲ್ಲಿ ಹಾಕುತ್ತೇನೆ. ಮಚ್ಚೆ ಇದ್ದಾಗ ಮುಂದಿನ ಕಂತು ತಡೆಯುತ್ತೇನೆ. ನಮ್ಮ ಕಡೆ ಪೈರು ಕಡು ಹಸಿರಿದ್ದರೆ ಊರೇ ಹೊಗಳುತ್ತೆ, ಆದರೆ ರೋಗ ಮೊದಲು ನುಗ್ಗುವುದೂ ಆ ಗದ್ದೆಗೇ. ನೀರು ಒಣಗಿಸಿ ಪೈರನ್ನು ಬಾಡಿಸಿದರೂ ರೋಗ ಜಾಸ್ತಿ. ನಾಲೆ ನೀರು ಸರದಿ ಮೇಲೆ ಬರುವಾಗ ಅದೊಂದು ನಮ್ಮ ಕೈಲಿಲ್ಲ.

ರೋಗ ಬಂದ ಗದ್ದೆಯ ಹುಲ್ಲನ್ನು ಅಲ್ಲೇ ಬಿಡದೆ ಮೇವಿಗೆ ಸಾಗಿಸುತ್ತೇನೆ. ಆ ಭತ್ತವನ್ನು ಬಿತ್ತನೆಗೂ ಇಡುವುದಿಲ್ಲ. ಹುಲ್ಲಲ್ಲೂ ಬೀಜದಲ್ಲೂ ಶಿಲೀಂಧ್ರ ಉಳಿದು ಮುಂದಿನ ಒಟ್ಟಲಿಗೆ (ಸಸಿಮಡಿಗೆ) ಬರುತ್ತದೆ.