ವಾರ್ಡಿನಲ್ಲಿ ಭಾವನೆ ಓದಲು ಕಲಿಸುವ ಬಗೆ: ನನ್ನ ಅನುಭವ

2019ರ ಬ್ಯಾಚಿನಿಂದ ಎಂಬಿಬಿಎಸ್ ಪಠ್ಯದಲ್ಲಿ ಏಟ್‌ಕಾಂ ಇದೆ: ಮನೋಭಾವ, ನೈತಿಕತೆ, ಸಂವಹನ. ಅದನ್ನು ಲೆಕ್ಚರ್ ಹಾಲಿನಲ್ಲಿ ಸ್ಲೈಡ್ ಹಾಕಿ ಮುಗಿಸಿದರೆ ಪರೀಕ್ಷೆಯ ಉತ್ತರ ಸಿಗುತ್ತದೆ, ಅಷ್ಟೇ. ಅಮೆರಿಕದಲ್ಲಿ ಹೋಜಾತ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಸಹಾನುಭೂತಿ ಕುಸಿದದ್ದು ಮೂರನೇ ವರ್ಷದಲ್ಲಿ, ಅಂದರೆ ಅಲ್ಲಿನವರು ವಾರ್ಡಿಗೆ ಇಳಿಯುವ ಹೊತ್ತಿನಲ್ಲಿ. ಕುಸಿಯುವ ಜಾಗದಲ್ಲೇ ಊರುಗೋಲು ಬೇಕು. ಆದ್ದರಿಂದ ಮಂಡ್ಯದಲ್ಲಿ ನಾನು ಇದನ್ನು ಮೆಡಿಸಿನ್ ಪೋಸ್ಟಿಂಗಿನೊಳಗೇ, ಅಂದರೆ ವಿದ್ಯಾರ್ಥಿಗಳು ಮೆಡಿಸಿನ್ ವಾರ್ಡಿನಲ್ಲಿ ಕಲಿಯುವ ಅವಧಿಯಲ್ಲೇ ಕಲಿಸುತ್ತೇನೆ.

ಗುಂಪಿಗೆ ಎಂಟು ಜನ, ಹೆಚ್ಚು ಬೇಡ. ಒಬ್ಬರು ಹಿಸ್ಟರಿ, ಅಂದರೆ ಕಾಯಿಲೆಯ ಹಿನ್ನೆಲೆ ಕೇಳುತ್ತಾರೆ, ಒಬ್ಬರು ರೋಗಿಯ ಮುಖ, ಕೈ, ದನಿಯನ್ನು ಮಾತ್ರ ಗಮನಿಸುತ್ತಾರೆ. ಮೊದಲ ಎರಡು ನಿಮಿಷ ನಡುವೆ ಬಾಯಿ ಹಾಕುವಂತಿಲ್ಲ. 1984ರ ಬೆಕ್‌ಮನ್–ಫ್ರಾಂಕೆಲ್ ಅಧ್ಯಯನದಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೇ ರೋಗಿಯ ಮಾತು ತಡೆದಿದ್ದರು. ನಮ್ಮ ವಿದ್ಯಾರ್ಥಿಗಳೂ ಬಿಟ್ಟರೆ ಹಾಗೇ ಮಾಡುತ್ತಾರೆ.

ಆಮೇಲೆ ಕಾರಿಡಾರಿನಲ್ಲಿ, ರೋಗಿಗೆ ಕೇಳಿಸದ ಕಡೆ, ಹತ್ತು ನಿಮಿಷ. ಕೇಳುವುದು ಮೂರೇ. ರೋಗಿಗೆ ಏನನ್ನಿಸುತ್ತಿತ್ತು, ಯಾವ ಗುರುತಿನಿಂದ ಹೇಳುತ್ತೀರಿ? ನಿಮಗೆ ಏನನ್ನಿಸಿತು? ಅದರಿಂದ ನೀವು ಯಾವ ಪ್ರಶ್ನೆ ಬಿಟ್ಟಿರಿ? ಮೂರನೆಯದೇ ಮುಖ್ಯ. ಮುಜುಗರದಿಂದ ಕುಡಿತದ ಬಗ್ಗೆ ಕೇಳದೆ ಬಿಟ್ಟದ್ದು, ರೋಗಿಯ ಮಗಳ ಅಳು ನೋಡಲಾಗದೆ ಬೇಗ ಎದ್ದದ್ದು ಆಗ ಹೊರಬರುತ್ತವೆ. ತನ್ನ ಗಾಬರಿಯನ್ನು ಗುರುತಿಸಲಾರದವರಿಗೆ ರೋಗಿಯ ಗಾಬರಿ ಕಾಣುವುದಿಲ್ಲ.

ಭಾಷೆ ಇಲ್ಲಿ ದೊಡ್ಡ ಅಡಚಣೆ. ಹೊರರಾಜ್ಯದವರಿಗಷ್ಟೇ ಅಲ್ಲ, ಬೆಂಗಳೂರಿನಲ್ಲಿ ಓದಿ ಬಂದವರಿಗೂ. 'ಸಂಕ್ಟ ಆಯ್ತದೆ' ಅಂದರೆ ವಾಕರಿಕೆಯೋ, ಎದೆಯ ತೊಂದರೆಯೋ, ಮನಸ್ಸಿನ ಬೇಗುದಿಯೋ? ಕೈಯಿಂದ ಜಾಗ ತೋರಿಸಲು ಹೇಳಿ, ಆಮೇಲೆ ಬರೆಯಿರಿ ಎನ್ನುತ್ತೇನೆ. 'ಜೀವಾನೇ ಬ್ಯಾಡ ಅನ್ನುಸ್ತದೆ' ಎಂಬುದನ್ನು ಸುಸ್ತು ಎಂದು ಬರೆದು ಮುಂದೆ ಹೋಗುವಂತೆಯೇ ಇಲ್ಲ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲೇ ಇರುವ ಊರುಗಳು ಇವು. 'ಸಾಯಬೇಕು ಅಂತ ಅನ್ನಿಸಿದೆಯಾ, ಯಜಮಾನ್ರೇ?' ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ಭಯ. ಹೌದು ಎಂದರೆ ರೋಗಿಯನ್ನು ಒಂಟಿಯಾಗಿ ಬಿಡದೆ ಸೀನಿಯರ್‌ಗೆ ಆಗಲೇ ತಿಳಿಸಬೇಕು.

ಮಕ್ಕಳು ಹೆಚ್ಚು ಎಡವುವುದು 'ಏನೂ ಆಗಲ್ಲ, ಹೆದರ್ಕೋಬೇಡಿ ಅಮ್ಮ' ಎನ್ನುವಲ್ಲಿ. ಅದು ಕೇಳುವವರಿಗಿಂತ ಹೇಳುವವರಿಗೆ ಸಮಾಧಾನ. ಅದರ ಬದಲು 'ಗಾಬರಿ ಆಗಿದೆ ಅನ್ಸುತ್ತೆ ಅಮ್ಮ, ಯಾವುದು ಹೆಚ್ಚು ಭಯ?' ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಸುಮ್ಮನಿರಬೇಕು. ಆರನೆಯ ಎಣಿಕೆಗೇ ಬಾಯಿ ತೆರೆಯುವವರೇ ಬಹಳ. ಸಂಸಾರಸ್ಥರು ಹೆಚ್ಚಾಗಿ ಹೇಳುವುದು ಕಾಯಿಲೆಯನ್ನಲ್ಲ. ಕೂಲಿ ತಪ್ಪಿದ್ದು, ಕಬ್ಬು ಕಟಾವಿಗೆ ಬಂದಿರುವುದು, ಮನೆಯಲ್ಲಿ ದನ ನೋಡಲು ಯಾರೂ ಇಲ್ಲದ್ದು. ಡಿಸ್ಚಾರ್ಜ್ ಮಾಡಿ ಎಂಬ ಹಟದ ಬೇರು ಅಲ್ಲಿರುತ್ತದೆ. ಅದು ತಿಳಿದರೆ ಜಗಳ ಅರ್ಧ ಇಳಿಯುತ್ತದೆ.

ಕೆಟ್ಟ ಸುದ್ದಿ ಹೇಳುವುದನ್ನು ಮಾತ್ರ ರೋಗಿಯ ಮೇಲೆ ಅಭ್ಯಾಸ ಮಾಡಿಸಬಾರದು. ಇದಕ್ಕೆಂದೇ 2000ದಲ್ಲಿ ಪ್ರಕಟವಾದ ಸ್ಪೈಕ್ಸ್ ಎಂಬ ಕ್ರಮದ ಆರು ಹಂತಗಳನ್ನು ಪಾತ್ರ ಹಂಚಿಕೊಂಡು ಆಡಿಸುತ್ತೇನೆ. 'ನಿಮಗೆ ಈಗಾಗಲೇ ಏನು ಗೊತ್ತು?' ಎಂಬ ಎರಡನೇ ಹಂತವನ್ನು ಹಾರಿಸಿದರೆ ಮುಂದಿನ ನಾಲ್ಕೂ ತಪ್ಪುತ್ತವೆ.

ಮೊದಲೆಲ್ಲ ಅನುಭವದ ಟಿಪ್ಪಣಿಗೆ ಅಂಕ ಕೊಡುತ್ತಿದ್ದೆ. 'ನನಗೆ ತುಂಬಾ ನೋವಾಯಿತು' ಎಂಬ ಒಂದೇ ವಾಕ್ಯ ಎಲ್ಲ ಪುಸ್ತಕಗಳಲ್ಲೂ ಬಂತು. ಈಗ ಅಂಕವಿಲ್ಲ, ವಾರಕ್ಕೆ ಐದು ಸಾಲು, ರೋಗಿಯ ಹೆಸರು ಬರೆಯುವಂತಿಲ್ಲ. ರಾತ್ರಿ ಡ್ಯೂಟಿ ಮುಗಿಸಿದ ಇಂಟರ್ನ್ ಸಿಡುಕಿದರೆ ಅವರಿಗೆ ಈ ಪಾಠ ಹೇಳುವುದಿಲ್ಲ, ಮಲಗಲು ಕಳಿಸಬೇಕು. ಇನ್ನು ರೋಗಿಯ ಎದುರಿಗೇ ವಿದ್ಯಾರ್ಥಿಯನ್ನು ಗದರುವ ಮೇಷ್ಟ್ರು ಗುಂಪಿನಲ್ಲಿದ್ದರೆ ತಿಂಗಳ ಅಭ್ಯಾಸ ಒಂದೇ ರೌಂಡ್ಸ್‌ನಲ್ಲಿ ಕರಗುತ್ತದೆ, ಹಾಗಾಗಿ ಪೋಸ್ಟಿಂಗ್ ಶುರುವಾಗುವ ಮೊದಲು ನಾನು ಮಾತಾಡುವುದು ಸಹೋದ್ಯೋಗಿಗಳ ಜೊತೆ.