ಅಂಗಳ ದಾಟಿ ಮಳೆಮಾಪಕದ ತನಕ

ಇಪ್ಪತ್ತು ವರ್ಷದಿಂದ ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ವಯಸ್ಸಾದವರ ಮನೆಗೆ ಹೋಗಿ "ಇಲ್ಲಿ ಕಂಬಿ ಹಾಕಿಸಿ, ಅಲ್ಲಿ ಲೈಟ್ ಹಾಕಿಸಿ" ಅಂತ ಹೇಳಿ ಬರುವುದೂ ನನ್ನ ಕೆಲಸವೇ. ತೀರ್ಥಹಳ್ಳಿ ಕಡೆಯ ನಮ್ಮದೇ ಮನೆಯ ಬಚ್ಚಲಲ್ಲಿ ಮಾತ್ರ ಒಂದು ಕಂಬಿಯೂ ಇರಲಿಲ್ಲ. ಮೂರು ವರ್ಷದ ಹಿಂದೆ ದೀಪಾವಳಿಯ ಎಣ್ಣೆಸ್ನಾನದ ದಿನ ಅಪ್ಪಯ್ಯ ಮಣೆಯಿಂದ ಏಳುವಾಗ ಜಾರಿ ಬಿದ್ದರು. ಆಗ ಅವರಿಗೆ 78.

ಸೊಂಟ ಉಳಿಯಿತು, ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಕೈ ಸರಿಯಾಗಿಯೇ ಕೂಡಿಕೊಂಡಿತು. ಕೆಟ್ಟದ್ದು ಬೇರೆ, ಅದನ್ನು ಕೆಡಿಸಿದ್ದು ನಾವೇ.

"ಅಪ್ಪಯ್ಯ, ನೀವು ಏಳಲೇಬೇಡಿ. ಏನು ಬೇಕೋ ಅಮ್ಮನಿಗೆ ಹೇಳಿ." ಬೆಂಗಳೂರಿನಿಂದ ತಮ್ಮ ದಿನಾ ಫೋನ್ ಮಾಡಿ ಹೇಳುತ್ತಿದ್ದ. ನಾನೂ ಅದನ್ನೇ ಹೇಳಿದೆ. ಕಾಫಿ ಕೂತಲ್ಲಿಗೆ, ಊಟ ಕೂತಲ್ಲಿಗೆ, ಕವಳದ ತಟ್ಟೆಯೂ ಕೂತಲ್ಲಿಗೆ. ಮುರಿದದ್ದು ಕೈ, ನಾವು ಕಟ್ಟಿಹಾಕಿದ್ದು ಕಾಲನ್ನು.

ಜನವರಿಯಲ್ಲಿ ಊರಿಗೆ ಹೋದಾಗ, ಬೇರೆಯವರ ಮನೆಯಲ್ಲಿ ಮಾಡುವ ಪರೀಕ್ಷೆಯನ್ನೇ ಜಗುಲಿಯ ಮೇಲೆ ಮಾಡಿಸಿದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು, ಅಷ್ಟೇ. 12 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಪ್ಪಯ್ಯನಿಗೆ 26 ಸೆಕೆಂಡ್ ಹಿಡಿಯಿತು. ಕೈ ಊರದೆ ಏಳಿ ಅಂದರೆ ಒಂದು ಸಲವೂ ಆಗಲಿಲ್ಲ. ಪಂಚೆ ಮೇಲೆತ್ತಿ ತೊಡೆ ನೋಡಿದೆ, ಅರ್ಧ ಇಳಿದುಹೋಗಿತ್ತು. ನನಗೆ ನಾಚಿಕೆಯಾಯಿತು.

ನಮ್ಮ ಕಡೆ ತೋಟದವರಿಗೆ ಮಳೆ ಲೆಕ್ಕ ಬರೆಯುವ ಹುಚ್ಚು ಗೊತ್ತಲ್ಲ. ಅಪ್ಪಯ್ಯ ನಾನು ಹುಟ್ಟುವ ಮೊದಲಿಂದ ಬರೆಯುತ್ತಿದ್ದಾರೆ. ಅಂಗಳದ ಆ ತುದಿಯಲ್ಲಿ ಮಳೆಮಾಪಕ. ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಅಳತೆ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ ಅನ್ನುವುದು ಅವರ ದೊಡ್ಡಸ್ತಿಕೆ. ಆ ವರ್ಷ ಡಿಸೆಂಬರಿನಲ್ಲಿ ಎರಡು ದಿನ ಅಕಾಲದ ಮಳೆ ಬಂದಿತ್ತು. ಡೈರಿ ತೆಗೆದು ನೋಡಿದರೆ ಎರಡೂ ದಿನ ಖಾಲಿ.

"ಯಾಕೆ ಬರೆಯಲಿಲ್ಲ?"

"ನೀವೇ ಅಲ್ವಾ ಏಳಬೇಡಿ ಅಂದಿದ್ದು."

ಅಲ್ಲೇ ಒಂದು ಒಪ್ಪಂದ ಮಾಡಿಕೊಂಡೆವು. ಜೂನ್ ಮೊದಲ ಮಳೆಗೆ ಅಪ್ಪಯ್ಯ ತಾವೇ ಅಂಗಳ ದಾಟಿ ಅಳೆಯಬೇಕು. ಅದಕ್ಕೆ ಏನು ಬೇಕೋ ಅದನ್ನು ನಾನು ಮಾಡಿಸಬೇಕು.

ಮೊದಲು ಬಚ್ಚಲು. ಕಂಬಿ ಹಾಕುವವ ಪ್ಲಾಸ್ಟಿಕ್ ಗಟ್ಟ ಕೂರಿಸಿ ಸ್ಕ್ರೂ ಬಿಗಿದು "ಆಯ್ತಕ್ಕ" ಅಂದ. ನಾನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಕಂಬಿ ಗೋಡೆಯ ಮಣ್ಣಿನ ಸಮೇತ ಕೈಗೇ ಬಂತು. ನಮ್ಮದು ಹಳೆಯ ಜಂಬಿಟ್ಟಿಗೆ ಗೋಡೆ, ಗಿಡ್ಡ ಸ್ಕ್ರೂ ಅದರಲ್ಲಿ ನಿಲ್ಲುವುದಿಲ್ಲ. ಆಮೇಲೆ ಗೋಡೆ ತೂತು ಕೊರೆದು, ಆಚೆ ಕಡೆಯಿಂದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿದೆವು. ಟವೆಲ್ ಹಾಕುವ ರಾಡನ್ನೇ ಹಿಡಿದುಕೊಂಡು ಏಳುವವರನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅದು ಟವೆಲ್ಲಿನ ಭಾರ ಹೊರುತ್ತದೆ, ಮನುಷ್ಯರದ್ದಲ್ಲ. ಎತ್ತರ ಎಷ್ಟಿರಬೇಕು ಅನ್ನುವುದಕ್ಕೆ ಪುಸ್ತಕ ನೋಡಲಿಲ್ಲ. ಅಪ್ಪಯ್ಯನನ್ನು ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೀಟು ಎಳೆದೆ.

ನೆಲಕ್ಕೆ ಹತ್ತಿದ ಮಣೆ ಹೋಯಿತು. ಪ್ಲಾಸ್ಟಿಕ್ ಕುರ್ಚಿ ಬೇಡ ಅಂದೆ, ಒದ್ದೆ ನೆಲದಲ್ಲಿ ಅದರ ಕಾಲು ಹರಡಿಕೊಳ್ಳುತ್ತದೆ. ಹಂಡೆಯ ಪಕ್ಕದಲ್ಲೇ 18 ಇಂಚಿನ ಸಿಮೆಂಟ್ ಕಟ್ಟೆ ಕಟ್ಟಿಸಿದೆವು, ಮೇಲ್ಮೈ ಒರಟಾಗಿ. ಬಕೆಟ್‌ಗೂ ಒಂದು ಗಿಡ್ಡ ಕಟ್ಟೆ, ನೀರಿಗೆ ಬಗ್ಗುವುದು ಬೇಡ ಅಂತ. ಎಣ್ಣೆಸ್ನಾನ ಬಿಡಿ ಅಂತ ತಮ್ಮ ಹೇಳಿದ್ದ. ನಾನು ಬಿಡಿಸಲಿಲ್ಲ. ಎಣ್ಣೆ ಹಚ್ಚುವುದು ಜಗುಲಿಯಲ್ಲಿ, ಅಂಗಾಲಿಗೆ ಮಾತ್ರ ಹಚ್ಚುವುದಿಲ್ಲ. ಸ್ನಾನ ಆದ ಮೇಲೆ ನೆಲಕ್ಕೂ ಸೀಗೆಪುಡಿ ಹಾಕಿ ಉಜ್ಜುವುದು. ಒಳಗಿನ ಚಿಲಕ ತೆಗೆಸಿದೆ. ಬಾಗಿಲ ಮೇಲೆ ಟವೆಲ್ ಇದ್ದರೆ ಒಳಗೆ ಜನ ಇದ್ದಾರೆ ಅಂತ ಅರ್ಥ. ಅಮ್ಮನಿಗೆ ಕಿವಿ ಮಂದ, ಕೂಗಿದರೆ ಕೇಳುವುದಿಲ್ಲ. ಕೊಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದ ದನದ ಗಂಟೆಯನ್ನು ಅಡುಗೆಮನೆ ಬಾಗಿಲಿಗೆ ಕಟ್ಟಿ, ಅದರ ಹಗ್ಗವನ್ನು ಬಚ್ಚಲ ನೆಲದ ತನಕ ಇಳಿಬಿಟ್ಟೆವು. ಬಿದ್ದವರ ಕೈಗೂ ಸಿಗಬೇಕಲ್ಲ.

ಹೊಸ್ತಿಲ ವಿಷಯದಲ್ಲಿ ನಾನು ಸೋತೆ. ನಡುಮನೆಯದು ಆರಿಂಚು ಎತ್ತರ, ಕೆಂಪು ನೆಲ, ಕಪ್ಪುಗೆಂಪು ಮರ. ಸಂಜೆ ಹೊತ್ತಿಗೆ ಎರಡೂ ಒಂದೇ ಬಣ್ಣ ಕಾಣುತ್ತದೆ. ಕೊಯ್ಯಿಸೋಣ ಅಂದಿದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ನೋಡಿದರೆ, ಯಾವಾಗಲೂ ನಡುವೆ ಒಂದಿಷ್ಟು ಹಚ್ಚುವ ಅರಿಶಿನವನ್ನು ಹೊಸ್ತಿಲ ಈ ತುದಿಯಿಂದ ಆ ತುದಿಗೆ ಬಳಿದಿದ್ದರು. "ಈಗ ಕಾಣುತ್ತಲ್ಲ?" ಅಂದರು. ಕಾಣುತ್ತಿತ್ತು. ಅಂಗಡಿಯಿಂದ ತಂದ ಹಳದಿ ಟೇಪು ಹಾಗೇ ಉಳಿಯಿತು. ಬಾಗಿಲ ಚೌಕಟ್ಟಿಗೆ ಒಂದು ಹಿಡಿ ಮಾತ್ರ ಹಾಕಿಸಿದೆ.

ಮಾತ್ರೆ ಡಬ್ಬಿ ನೋಡುವುದು ಎಲ್ಲರೂ ಮರೆಯುವ ಕೆಲಸ. "ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದಾ?" ಅಂತ ಕೇಳಿದೆ. "ಅದು ಎಲ್ಲರಿಗೂ ಬರುತ್ತದಲ್ಲ ಮಾರಾಯ್ತಿ" ಅಂದರು. ಐದು ನಿಮಿಷ ಮಲಗಿಸಿ ಬಿಪಿ ನೋಡಿದೆ, ಮೇಲಿನದು 148. ಎದ್ದು ನಿಂತ ಒಂದು ನಿಮಿಷಕ್ಕೆ 120. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಹೇಳಿದೆವು, ಅವರು ಮಾತ್ರೆಯ ಪ್ರಮಾಣ ಬದಲಿಸಿದರು. ನಾವಾಗಿ ಯಾವುದನ್ನೂ ನಿಲ್ಲಿಸಲಿಲ್ಲ. ಡಬ್ಬಿಯಲ್ಲಿ ಇನ್ನೊಂದು ಸಿಕ್ಕಿತು: ಶೀತಕ್ಕೆ ಕೊಡುವ ಹಳೇ ಕಾಲದ ಅಲರ್ಜಿ ಮಾತ್ರೆ. ನಿದ್ದೆ ಚೆನ್ನಾಗಿ ಬರುತ್ತದೆ ಅಂತ ದಿನಾ ರಾತ್ರಿ ಒಂದು ನುಂಗುತ್ತಿದ್ದರು! ವಯಸ್ಸಾದವರಿಗೆ ಅದರ ಮಂಪರು ಬೆಳಿಗ್ಗೆಯ ತನಕ ಇರುತ್ತದೆ, ರಾತ್ರಿ ಮೂತ್ರಕ್ಕೆ ಎದ್ದರೆ ತೂರಾಡುತ್ತಾರೆ. ಡಾಕ್ಟರು ಅದನ್ನು ತಾವೇ ತೆಗೆದಿಟ್ಟುಕೊಂಡರು. ಎದ್ದು ಮಂಚದ ಅಂಚಿನಲ್ಲಿ ಕೂತು, ಪಾದ ಇಪ್ಪತ್ತು ಸಲ ಆಡಿಸಿ, ಆಮೇಲೆ ನಿಲ್ಲುವುದು ಈಗ ಅಭ್ಯಾಸವಾಗಿದೆ.

ವ್ಯಾಯಾಮ ಅಂದರೆ ಮುಖ ಸಿಂಡರಿಸುತ್ತಿದ್ದರು. ಹಾಗಾಗಿ ಆ ಪದವನ್ನೇ ಬಿಟ್ಟೆ. ನ್ಯೂಜಿಲೆಂಡಿನಲ್ಲಿ ತಯಾರಾದ ಒಟಾಗೊ ಅಂತ ಒಂದು ಕ್ರಮ ಇದೆ, ಮನೆಯಲ್ಲೇ ವಾರಕ್ಕೆ ಮೂರು ದಿನ ಮಾಡುವಂಥದ್ದು. ಅದನ್ನು ಮಾಡಿದ ಹಿರಿಯರಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಅದರಿಂದ ನಾಲ್ಕೇ ಆರಿಸಿದೆ: ಕುರ್ಚಿಯಿಂದ ಏಳುವುದು, ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದಿಟ್ಟು ನಿಲ್ಲುವುದು, ಕಾಲಿಗೆ ಭಾರ ಕಟ್ಟಿ ಮಂಡಿ ನೀಡುವುದು. ಭಾರಕ್ಕೆ ಅಮ್ಮ ಹಳೇ ಪಂಚೆಯಲ್ಲಿ ಮರಳಿನ ಚೀಲ ಹೊಲಿದರು, ಒಂದೊಂದು ಅರ್ಧ ಕಿಲೋ. ರೇಡಿಯೋದಲ್ಲಿ ವಾರ್ತೆ ಬರುವಾಗ ಹಿಮ್ಮಡಿ, ಕಾಫಿಗೆ ಮೊದಲು ಐದು ಸಲ ಏಳುವುದು. ಮೊದಲ ವಾರ ಕುರ್ಚಿ ಮೇಲೆ ಎರಡು ದಪ್ಪ ದಿಂಬು. ಮಾರ್ಚ್ ಹೊತ್ತಿಗೆ ದಿಂಬು ಹೋಯಿತು. ಬಿದ್ದರೆ ಏಳುವುದು ಹೇಗೆ ಅನ್ನುವುದನ್ನೂ ಕಂಬಳಿ ಹಾಸಿ ಕಲಿಸಿದೆ: ಮಗ್ಗುಲಾಗಿ, ಮೊಣಕಾಲೂರಿ, ಗಟ್ಟಿ ಕುರ್ಚಿಯ ತನಕ ತೆವಳಿ, ಅದನ್ನು ಹಿಡಿದು. ನಾವಿಬ್ಬರೂ ನೆಲದ ಮೇಲೆ ಇರುವಾಗಲೇ ಪಕ್ಕದ ಮನೆಯವರು ಬಂದು ಗಾಬರಿಯಾದರು.

ಇದರ ನಡುವೆ ಅಮ್ಮನ ಬೆನ್ನು ಯಾರ ಗಮನಕ್ಕೂ ಬಂದಿರಲಿಲ್ಲ. ಮೂರು ತಿಂಗಳು ಅಪ್ಪಯ್ಯನನ್ನು ಕೈ ಹಿಡಿದು ಎಳೆದು ಎಬ್ಬಿಸಿದ್ದು ಅವರೇ. ಬಿದ್ದವರನ್ನು ವಿಚಾರಿಸಲು ಊರೇ ಬರುತ್ತದೆ, ಎತ್ತಿದವರನ್ನು ಯಾರೂ ಕೇಳುವುದಿಲ್ಲ. ಈಗ ಎಳೆಯುವುದಿಲ್ಲ, ಪಕ್ಕದಲ್ಲಿ ನಿಂತು ಕಾಯುತ್ತಾರೆ. ಶನಿವಾರ ಸಂಜೆ ಭಜನೆಗೆ ಹೋಗುತ್ತಾರೆ, ಆ ಎರಡು ಗಂಟೆ ಪಕ್ಕದ ಮನೆಯ ಹುಡುಗ ಅಪ್ಪಯ್ಯನ ಜೊತೆ ಚದುರಂಗ ಆಡುತ್ತಾನೆ.

ಜೂನ್ ಬಂತು. ಮಲೆನಾಡಿನ ಅಂಗಳ ಮಳೆಯಲ್ಲಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ಪಾಚಿ. ಮಾಪಕದ ತನಕ ದಾರಿಗೆ ಅಡಿಕೆ ಸೋಗೆ ಹಾಸಿ, ಒಂದು ಬದಿಗೆ ಸೊಂಟದ ಎತ್ತರಕ್ಕೆ ಅಡಿಕೆ ಮರದ ಕೈಪಿಡಿ ಕಟ್ಟಿಸಿದೆವು. ಸವೆದ ಹವಾಯಿ ಚಪ್ಪಲಿ ಹೋಗಿ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಬಂತು. ಪಂಚೆ ಎತ್ತಿ ಕಟ್ಟಲು ನಾನು ಹೇಳಬೇಕಾಗಲಿಲ್ಲ. ಆ ದಿನ ಅವರ ನಡಿಗೆ ಪರೀಕ್ಷೆ 14 ಸೆಕೆಂಡ್, ಇನ್ನೂ 12ರ ಒಳಗೆ ಬಂದಿರಲಿಲ್ಲ. ಆದರೂ ಕಳಿಸಿದೆ. ಅಂಗಳ ದಾಟಲು ನಾಲ್ಕು ನಿಮಿಷ ತೆಗೆದುಕೊಂಡರು. ಅಳತೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು, ಮುರಿದು ಕೂಡಿದ ಅದೇ ಕೈಯಲ್ಲಿ.

ಆವತ್ತಿನಿಂದ ಮಳೆಗಾಲದಲ್ಲಿ ಪ್ರತಿದಿನ ಎಂಟೂ ಮುಕ್ಕಾಲಿಗೆ ನನಗೆ ಲ್ಯಾಂಡ್‌ಲೈನಿನಿಂದ ಫೋನ್. "84" ಅನ್ನುತ್ತಾರೆ, ಇಟ್ಟುಬಿಡುತ್ತಾರೆ. ಮಳೆ ಇಲ್ಲದ ದಿನ "ಸೊನ್ನೆ." ಒಂಬತ್ತರ ತನಕ ಫೋನ್ ಬಾರದಿದ್ದರೆ ನಾನು ಪಕ್ಕದ ಮನೆಗೆ ಮಾಡಬೇಕು ಅಂತ ಮಾತಾಗಿದೆ. ಕಳೆದ ಜುಲೈಯಲ್ಲಿ ಒಂದು ದಿನ ಒಂಬತ್ತು ಹತ್ತಾದರೂ ಬರಲಿಲ್ಲ. ಪಕ್ಕದ ಮನೆಯ ಹುಡುಗ ಓಡಿದ. ನಾನು ಇಲ್ಲಿ ಸ್ಕೂಟರ್ ಕೀ ಹಿಡಿದು ನಿಂತಿದ್ದೆ. ಹತ್ತು ನಿಮಿಷಕ್ಕೆ ಅಪ್ಪಯ್ಯನದೇ ಫೋನ್ ಬಂತು, ಸ್ವರದಲ್ಲಿ ಸಿಟ್ಟು.

"ಮಾಪಕದ ಒಳಗೆ ಕಪ್ಪೆ ಕೂತಿದೆ. ಇವತ್ತಿನದನ್ನು ಹೇಗೆ ಬರೆಯುವುದು ಹೇಳು."